ನೆರೆ ತಂಡಕ್ಕೆ ಸೇರಿದ ಯಮನೂರ

ಹೊಳೆದಂಡೆಯ ಊರಲ್ಲಿ ದುರುಗವ್ವ ಅಂತ ಒಬ್ಬಳಿದ್ದಳು. ಅವಳಿಗೆ ಯಮನೂರ ಅಂತ ಒಬ್ಬನೇ ಮಗ. ಆಳು ಎತ್ತಿನಂಥವನು, ಬುದ್ಧಿ ಮಾತ್ರ ಹೇಳಿದಷ್ಟೇ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂತಿರೋನು. ಹಿತ್ತಲಿಂದ ಕೋಳಿ ಹೊತ್ತೊಯ್ದರೂ ತಿರುಗುತ್ತಿರಲಿಲ್ಲ. ಇವನ ಗತಿ ಏನಪ್ಪಾ ಅಂತ ಅವಳಿಗೆ ಚಿಂತೆ.

ನೆರೆ ಬಂದರೆ ಜನರನ್ನು ಕಾಪಾಡಲಿಕ್ಕೆ ಆ ವರ್ಷ ಊರ ಗಂಡಸರದೊಂದು ತಂಡ ಕಟ್ಟಿದರು. ಕಲಿಸಲಿಕ್ಕೆ ಅಗ್ನಿಶಾಮಕ ಠಾಣೆಯ ಹೊಸಮನಿ ಸಾಹೇಬರು ಬಂದರು. ಹೀಗಾದರೂ ಶಾಣ್ಯಾ ಆಗಲಿ ಅಂತ ದುರುಗವ್ವ ಮಗನನ್ನೂ ಸೇರಿಸಿದಳು.

ಅನಾಹುತ ಆದಲ್ಲಿಗೆ ಮೊದಲು ಮುಟ್ಟಿದವರೇ ನಾಯಕರು, ಹಿಂದೆ ಬಂದವರು ಅವರ ಮಾತು ಕೇಳಬೇಕು ಅಂತ ಸಾಹೇಬರು ಮೊದಲ ಪಾಠ ಹೇಳಿದರು. ತಾಲೀಮಿಗೆ ಒಂದು ಹಳೇ ಬಣವೆಗೆ ಬೆಂಕಿ ಇಟ್ಟರು. ಯಮನೂರ ಕೊಡ ಹಿಡಿದು ಓಡಿದ. ಅವನಿಗಿಂತ ಮುಂಚೆ ಒಂದು ನಾಯಿ ಅಲ್ಲಿ ಬಂದು ನಿಂತಿತ್ತು. ಯಮನೂರ ನಾಯಿಗೆ ಸೆಲ್ಯೂಟ್ ಹೊಡೆದು, ಏನು ಹೇಳುತ್ತದೋ ಅಂತ ಕಾದ. ಅದು ಬಾಲ ಆಡಿಸಿತು. ಎಡಕ್ಕೆ ಅಂದಿತೋ ಬಲಕ್ಕೆ ಅಂದಿತೋ ಅವನಿಗೆ ತಿಳಿಯಲಿಲ್ಲ. ಬಣವೆ ಬೂದಿಯಾಯಿತು.

ಸಾಹೇಬರು ಬೈದರು. ಮನೆಗೆ ಹೋದರೆ ಅವ್ವನೂ ಬೈದಳು. ನಾಯಿಯನ್ನಲ್ಲ, ಸಾಹೇಬರು ತೊಡುವ ಕೆಂಪು ಜಾಕೆಟ್ ನೋಡು, ಅದು ಎಲ್ಲಿದೆಯೋ ನಾಯಕ ಅಲ್ಲಿ ಅಂದಳು.

ಯಮನೂರ ಆಗಲಿ ಅಂದ. ಮುಂದಿನ ತಾಲೀಮು ಹೊಳೆಯಲ್ಲಿ. ಸೆಕೆ ತಾಳದೆ ಸಾಹೇಬರು ಜಾಕೆಟ್ ಬಿಚ್ಚಿ ಬೇವಿನ ಗಿಡಕ್ಕೆ ತೂಗುಹಾಕಿದ್ದರು. ಮುಳುಗುವವನಂತೆ ನಟಿಸುತ್ತಿದ್ದ ತಳವಾರರ ಈರಣ್ಣನಿಗೆ ಕಾಲಿನ ನರ ಹಿಡಿದು, ಅವನು ನಿಜಕ್ಕೂ ಮುಳುಗತೊಡಗಿದ. ಹಗ್ಗ ಎಸೆ ಅಂತ ಸಾಹೇಬರು ಕೂಗಿದರು. ಯಮನೂರ ಹಗ್ಗ ಹಿಡಿದು ಗಿಡದ ಮುಂದೆ ನಿಂತು, ಎಸೀಲೇನ್ರಿ ಅಂತ ಜಾಕೆಟನ್ನು ಕೇಳುತ್ತಿದ್ದ. ಕಡೆಗೆ ಸಾಹೇಬರೇ ಹಾರಿ ಈರಣ್ಣನನ್ನು ಎಳೆದು ತಂದರು.

ನೀರು ಸುರಿಯುವ ಬಟ್ಟೆಯಲ್ಲೇ ಯಮನೂರನ ಕಿವಿ ಹಿಡಿದರು. “ನಾಯಿ ಬ್ಯಾಡ, ಜಾಕೆಟ್ ಬ್ಯಾಡ. ನಾ ಹೇಳಿದ್ದಷ್ಟ ಮಾಡು. ಬ್ಯಾರೆ ಯಾರ ಮಾತೂ ಕೇಳಬ್ಯಾಡ.”

ಶ್ರಾವಣದಲ್ಲಿ ನಿಜವಾದ ನೆರೆಯೇ ಬಂತು. ಕೆಳಗಿನ ಓಣಿ ಮುಳುಗಿತು. ದುರುಗವ್ವ ತನ್ನ ಮನೆಯ ಮಾಳಿಗೆ ಹತ್ತಿ ನಡುಗುತ್ತ ಕೂತಿದ್ದಳು. ಅವಳನ್ನು ತಂದು ದಿಬ್ಬದ ಶಾಲೆಯಲ್ಲಿ ಕೂರಿಸು ಅಂತ ಸಾಹೇಬರು ಹೇಳಿದ್ದೇ ತಡ, ಯಮನೂರ ಅಂಬಿಗರ ತೆಪ್ಪ ತಗೊಂಡು ಹೋದ, ಸೆಳವಿಗೆ ಎದುರಾಗಿ ಹುಟ್ಟು ಹಾಕಿದ, ಅವ್ವನನ್ನು ಶಾಲೆಗೆ ತಂದು ಕೂರಿಸಿದ. ಜನ ಶಹಬ್ಬಾಸ್ ಅಂದರು. ದುರುಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ದಣಿದ ಸಾಹೇಬರು, ಕೆಲಸ ಮುಗಿಯಿತು, ಏನೇನು ತಂದಿದ್ದೀರೋ ತಂದಲ್ಲಿಗೆ ಮುಟ್ಟಿಸಿ ಮನೆಗೆ ಹೋಗಿ ಅಂತ ತಂಡಕ್ಕೆ ಹೇಳಿ ಜೀಪು ಹತ್ತಿದರು. ಒಬ್ಬ ಹಗ್ಗ ಮುಟ್ಟಿಸಿದ, ಒಬ್ಬ ಹಾರೆ ಮುಟ್ಟಿಸಿದ. ಯಮನೂರ ಅವ್ವನನ್ನು ಎತ್ತಿ ತೆಪ್ಪದಲ್ಲಿ ಕೂರಿಸಿದ. ಅವಳು ಬೇಡವೋ ಅಂತ ಅತ್ತಳು. ಜನ ಅಡ್ಡ ಬಂದರು. ನೀವು ಸಾಹೇಬರಲ್ಲ ಅಂತ ಅವರನ್ನು ಸರಿಸಿ, ಹುಟ್ಟು ಹಾಕುತ್ತ ಹೋಗಿ, ಅವಳನ್ನು ಅದೇ ಮಾಳಿಗೆಯ ಮೇಲೆ ಅದೇ ಮೂಲೆಗೆ ಇಳಿಸಿದ. ತೆಪ್ಪವನ್ನು ಅಂಬಿಗರಿಗೆ ಮುಟ್ಟಿಸಿದ. ಆಮೇಲೆ ನೀರಿಗೆ ಧುಮುಕಿ ಈಜಿಕೊಂಡು ಬಂದು, ಮಾಳಿಗೆ ಹತ್ತಿ ಅವಳ ಪಕ್ಕ ಕೂತ.

“ಮನಿಗೆ ಬಂದೆ ನೋಡವ್ವ,” ಅಂದ. “ಉಣ್ಣಾಕ ಏನ್ ಮಾಡೀ?”