ಇನ್ನಾಸಿ ಬಚ್ಚಿಟ್ಟ ಆರು ಮೊಟ್ಟೆ

ಹೂಂಗುಟ್ಟುವವರು ಹತ್ತಿರ ಬನ್ನಿ, ಆಕಳಿಸುವವರು ಅತ್ತ ಕೂತ್ಕೊಳ್ಳಿ. ಕನಕಪುರದ ಕಡೆ ಹತ್ತಾರು ಮನೆಯ ಒಂದು ದೊಡ್ಡಿಯಲ್ಲಿ ಲೂರ್ದಮ್ಮ ಅಂತ ಒಬ್ಬಳಿದ್ದಳು. ಅವಳ ಮಗ ಇನ್ನಾಸಿ. ತಾಯಿ ಹೇಳಿದ ಮಾತನ್ನು ಒಂದಕ್ಷರ ಮೀರದವನು. ಅದೇ ಅವಳ ಗೋಳು.

ಐದು ವರ್ಷದ ಹಿಂದೆ ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಊಟಕ್ಕೆ ಅವಳ ಅಣ್ಣ ಚೌರಪ್ಪ ಬಂದಿದ್ದ. "ಕೂತೋರಿಗೆಲ್ಲ ಒಂದೊಂದು ಮೊಟ್ಟೆ ಬಡಿಸು ಕಣ್ಲಾ" ಅಂದಳು ಲೂರ್ದಮ್ಮ ಮಗನಿಗೆ. ಚೌರಪ್ಪ ಆಗ ನೀರು ಕುಡಿಯೋಕೆ ಎದ್ದು ನಿಂತಿದ್ದ. ನಿಂತವನಿಗೆ ಇನ್ನಾಸಿ ಬಡಿಸಲಿಲ್ಲ. ಚೌರಪ್ಪ ಮುಖ ಊದಿಸಿಕೊಂಡು ಹೋದವನು ಮತ್ತೆ ಈ ಹೊಸಿಲು ತುಳಿಯಲಿಲ್ಲ. ಒಡಹುಟ್ಟು ಅಂತ ಅವಳಿಗಿದ್ದವನು ಅವನೊಬ್ಬನೇ. ನಾಲ್ಕು ಹಬ್ಬ ಅತ್ತುಕೊಂಡೇ ಉಂಡಳು.

ಈ ಸಲ ಬರ್ತೀನಿ ಅಂತ ಅಣ್ಣ ಹೇಳಿಕಳಿಸಿದ. ಲೂರ್ದಮ್ಮ ಹನ್ನೆರಡು ಮೊಟ್ಟೆ ಕೂಡಿಟ್ಟಳು. ತಮ್ಮವ್ವ ಮಾಡುತ್ತಿದ್ದ ಹಾಗೆಯೇ ಬಣ್ಣದ ಮೊಟ್ಟೆ ಮಾಡಿ ಅಣ್ಣನ ಮುಂದೆ ಇಡಬೇಕು ಅಂತ ಅವಳಾಸೆ.

ಶನಿವಾರ ಬೆಳಿಗ್ಗೆ ಚರ್ಚು ಗುಡಿಸೋಕೆ ಹೊರಟವಳು ಮಗನಿಗೆ ಹೇಳಿದಳು, "ಈರುಳ್ಳಿ ಸಿಪ್ಪೆ ಹಾಕಿದ್ರೆ ಮೊಟ್ಟೆ ಕೆಂಪಗಾಯ್ತದೆ. ಹಾಕು ಕಣ್ಲಾ."

ಇನ್ನಾಸಿ ಒಂದು ಮೊರ ಸಿಪ್ಪೆ ತಂದು ಕೋಳಿಗೆ ಹಾಕಿದ. ಹಾಕಿ ಕೋಳಿಯ ಹಿಂದೆಯೇ ಕೂತ. ತಾಯಿ ಬಂದರೂ ಕೂತೇ ಇದ್ದ.

"ಏನ್ಲಾ ಮಾಡ್ತಿದೀಯ?"

"ಕೆಂಪು ಮೊಟ್ಟೆ ಕಾಯ್ತಿವ್ನಿ ಕಣವ್ವ."

"ಅಯ್ಯೋ ಪೆದ್ದ, ಕೋಳಿಗಲ್ಲ, ಮಡಕೆಗೆ! ಮೊಟ್ಟೆಗೆ ಕೊತ್ತಂಬರಿ ಎಲೆ ಅಂಟ್ಸು, ಹಳೇ ಬಟ್ಟೆ ಸುತ್ತು, ದಾರ ಕಟ್ಟು. ಸಿಪ್ಪೆ ನೀರಲ್ಲಿ ಬೇಯ್ಸು. ಬೆಂದ್ಮೇಲೆ ಮೇಲಿರೋದ್ನೆಲ್ಲ ತೆಗಿ."

"ಹಂಗೇ ಆಗ್ಲವ್ವ."

ಆರು ಮೊಟ್ಟೆಗೆ ಎಲೆ ಅಂಟಿಸಿದ, ಬಟ್ಟೆ ಸುತ್ತಿದ, ಬೇಯಿಸಿದ. ದಾರ ತೆಗೆದ, ಬಟ್ಟೆ ತೆಗೆದ, ಎಲೆ ತೆಗೆದ. ಇಟ್ಟಿಗೆ ಬಣ್ಣದ ಚಿಪ್ಪಿನ ಮೇಲೆ ಎಲೆಯ ಬಿಳಿ ಅಚ್ಚು ಮುದ್ದಾಗಿ ಬಿದ್ದಿತ್ತು. ಚಿಪ್ಪೂ ಮೇಲೇ ಇದೆಯಲ್ಲ? ಅದನ್ನೂ ತೆಗೆದ. ತಾಯಿ ಬಂದು ನೋಡಿದರೆ ತಟ್ಟೆಯಲ್ಲಿ ಆರು ಬೋಳು ಮೊಟ್ಟೆ.

ಲೂರ್ದಮ್ಮ ಹಣೆ ಚಚ್ಚಿಕೊಂಡಳು. "ಚೆಂದವೆಲ್ಲ ಹೊರಗಡೇನೇ ಇರೋದು ಕಣ್ಲಾ. ಇನ್ಮೇಲೆ ಯಾವುದ್ನೂ ಬಿಚ್ಚಬೇಡ, ಸುಲೀಬೇಡ. ಹೆಂಗೈತೋ ಹಂಗೇ ತಂದಿಡು."

"ಹಂಗೇ ಆಗ್ಲವ್ವ."

ಬೋಳು ಮೊಟ್ಟೆಗಳಿಗೆ ಅವಳೇ ಮೆಣಸಿನಕಾಳಿನ ಕಣ್ಣು, ಕ್ಯಾರೆಟ್ಟಿನ ಕೊಕ್ಕು ಚುಚ್ಚಿ ಕೋಳಿಮರಿ ಮಾಡಿದಳು. ಉಳಿದ ಆರಕ್ಕೆ ಮಗನನ್ನು ದೂರ ಕೂರಿಸಿ ತಾನೇ ಬಣ್ಣ ಕಟ್ಟಿದಳು.

ಭಾನುವಾರ ಪೂಜೆ ಮುಗಿಸಿ ಚೌರಪ್ಪ ಬಂದ. ಹೊಸ ಬೂಟು ಬಿಚ್ಚದೆ ಜಗಲಿಯ ತುದಿಯಲ್ಲೇ ಕೂತ. ತಂದಿದ್ದ ಕೇಕಿನ ಪೊಟ್ಟಣ ತಂಗಿಯ ಕೈಗಿಟ್ಟ.

"ಕೇಕು ಕೊಯ್ದು, ಕೋಳಿಮರಿ ತಟ್ಟೇಲಿಟ್ಟು ಮಾವನಿಗೆ ಕೊಡು ಕಣ್ಲಾ" ಅಂದಳು ಲೂರ್ದಮ್ಮ.

ಯಾವುದನ್ನೂ ಬಿಚ್ಚಬಾರದಲ್ಲ? ಇನ್ನಾಸಿ ಕೇಕನ್ನು ಕಾಗದ, ದಾರದ ಸಮೇತ ಕೊಯ್ದು ತಂದ. ಚೌರಪ್ಪ ಕಣ್ಣೆಲ್ಲ ತಂಗಿಯ ಮೇಲಿಟ್ಟುಕೊಂಡು ಒಂದು ಚೂರು ಬಾಯಿಗೆ ಹಾಕಿದ. ಅಗಿದ, ಅಗಿದ. ಬಾಯಿಂದ ಗೇಣುದ್ದ ದಾರ ಎಳೆದ.

"ಆವತ್ತು ಮೊಟ್ಟೆ ಇಲ್ಲ, ಇವತ್ತು ದಾರ. ಬತ್ತೀನಿ ಲೂರ್ದು" ಅಂತ ಎದ್ದ.

ಲೂರ್ದಮ್ಮ ಅಡ್ಡ ಬಂದು ನಿಂತಳು. "ಅಣ್ಣ, ಅವ್ವ ಮೊಟ್ಟೆ ಬಚ್ಚಿಡ್ತಿದ್ಲು, ನಾವಿಬ್ರೂ ಹುಡುಕ್ತಿದ್ವಿ. ಅದೊಂದಾಟ ಆಡ್ಕೊಂಡು ಹೋಗಣ್ಣ" ಅಂದಳು. ಚೌರಪ್ಪ ಎತ್ತಿದ ಹೆಜ್ಜೆ ಇಳಿಸಿದ.

ಅವಳು ಮಗನನ್ನು ಒಳಗೆಳೆದಳು. "ಕಾಗದ ಯಾರಾದ್ರೂ ತಿಂತಾರೇನ್ಲಾ? ತಗಾ, ಈ ಆರು ಮೊಟ್ಟೆ ಹಿತ್ತಲಲ್ಲಿ ಬಚ್ಚಿಡು. ಎಲ್ಲಿಟ್ಟೆ ಅಂತ ಯಾರಿಗೂ ಗೊತ್ತಾಗಬಾರ್ದು."

"ಹಂಗೇ ಆಗ್ಲವ್ವ."

ಯಾರಿಗೂ ಅಂದರೆ ತನಗೂ ತಾನೆ? ಇನ್ನಾಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬಚ್ಚಿಟ್ಟು ಬಂದ.

ಚೌರಪ್ಪ ಮೊದಮೊದಲು ಬಿಗುಮಾನದಲ್ಲೇ ಹುಡುಕಿದ. ಹುಲ್ಲಿನ ಮೆದೆಯಲ್ಲಿ ಒಂದು ಸಿಕ್ಕಿತು. ಪಂಚೆ ಎತ್ತಿ ಕಟ್ಟಿದ. ಕವುಚಿಟ್ಟ ಮಡಕೆಯ ಕೆಳಗೆ ಇನ್ನೊಂದು. ಅಣ್ಣತಂಗಿ ಒಂದೇ ಮೊಟ್ಟೆಗೆ ಬಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು. "ಮೊದ್ಲಿಂದ್ಲೂ ಮೋಸಗಾತಿ ನೀನು" ಅಂದ ಚೌರಪ್ಪ. ಐದು ಸಿಕ್ಕವು. ಆರನೆಯದು ಇಲ್ಲವೇ ಇಲ್ಲ.

"ಎಲ್ಲಿಟ್ಟಿದೀಯೋ, ಹೇಳೋ."

"ನಂಗೆಂಗೆ ಗೊತ್ತು ಮಾವ? ಯಾರಿಗೂ ಗೊತ್ತಾಗಬಾರ್ದು ಅಂದ್ಲು ಅವ್ವ. ಕಣ್ಮುಚ್ಕೊಂಡಿದ್ದೆ."

ಚೌರಪ್ಪ ನಗೋಕೆ ಶುರು ಮಾಡಿದ. ನಕ್ಕು ನಕ್ಕು ಒಗೆಯೋ ಕಲ್ಲಿನ ಮೇಲೆ ಕುಸಿದು ಕೂತ. "ಲೂರ್ದು, ಅದು ಸಿಗೋ ತನಕ ನಾನು ಹೋಗಾಕಿಲ್ಲ" ಅಂದ. ಬೂಟು ಬಿಚ್ಚಿ ಅಲ್ಲೇ ಇಟ್ಟ. ಬರಿಗಾಲಲ್ಲಿ ಬೇಲಿಯ ಕಡೆ ನಡೆದ.

ಅಷ್ಟರಲ್ಲಿ ಕುಂಬಳ ಬಳ್ಳಿಯ ಅಡಿ ಇನ್ನಾಸಿಗೆ ಆರನೆಯ ಮೊಟ್ಟೆ ಸಿಕ್ಕಿಬಿಟ್ಟಿತು. ಈಗ ತನಗೆ ಗೊತ್ತಾಗಿ ಹೋಯಿತಲ್ಲ. ಅವ್ವನ ಮಾತು ಮೀರಿದ ಹಾಗಾಯಿತಲ್ಲ. ಇನ್ನಾಸಿ ಮತ್ತೆ ಕಣ್ಣು ಮುಚ್ಚಿದ, ನಾಲ್ಕು ಸುತ್ತು ತಿರುಗಿದ, ತಡವರಿಸಿ ತಡವರಿಸಿ ಕೈಗೆ ಸಿಕ್ಕ ತೂತಿನೊಳಕ್ಕೆ ಮೊಟ್ಟೆ ಇಳಿಬಿಟ್ಟ. ಅದು ಮಾವನ ಎಡಗಾಲಿನ ಬೂಟು.

ಲೂರ್ದಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಬೈಯೋಕೆ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಒಳಗೆ ಹೋಗಿ ಅಣ್ಣನಿಗೂ ಸೇರಿಸಿ ರಾತ್ರಿಯ ಊಟಕ್ಕೆ ಅಕ್ಕಿ ಅಳೆದಳು.

ಚೌರಪ್ಪ ಆ ಬೂಟಿಗೆ ಕಾಲು ಹಾಕಿದ್ದು ಬುಧವಾರ.