ಬಿಳಿ ಗಾಡಿಯ ಸಪ್ಪಳ

ನವಲಗುಂದದ ಗುರುಪಾದಪ್ಪ ದೇಸಾಯರು ಎರೆಹೊಲದ ಕೆಸರಿಗೆಂದು ಫೋರ್ ವೀಲ್ ಡ್ರೈವ್ ಡೀಸೆಲ್ ಗಾಡಿ ಕೊಳ್ಳಲು ಹುಬ್ಬಳ್ಳಿಗೆ ಬಂದರು. ಶೋರೂಮಿನಲ್ಲಿ ದೊಡ್ಡ ಎಂಜಿನ್ನಿನ ಕೆಂಪು ಗಾಡಿ ಕಂಡದ್ದೇ ಮನಸೋತರು. ಡ್ರೈವರ್ ಮೌಲಾಸಾಬ ಮಾತ್ರ, "ಆ ಬಿಳೀದು ಛಲೋ ಐತ್ರಿ" ಅಂದ.

ದೇಸಾಯರಿಗೆ ಸಿಟ್ಟು ಬಂತು. "ಎರಡೂ ಹೈವೇದಾಗ ಓಡಿಸು. ಬಿಳೀದು ಛಲೋ ಅಂತ ನನ್ನ ಬಾಯಿಲೇನ ಹೇಳಸು. ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ!"

ಮೌಲಾಸಾಬ ತಲೆಯಾಡಿಸಿದ. ಧಣಿಗಳ ಹೋಳಿಗೆ ಊಟ ಮುಗಿಯುವವರೆಗೂ ಕಾದ. ಆಮೇಲೆ ಅವರನ್ನೂ ಅವರ ಹೆಂಡತಿ ಗೌರವ್ವನನ್ನೂ ಹಿಂದೆ ಕೂರಿಸಿಕೊಂಡು ಮೊದಲು ಕೆಂಪು ಗಾಡಿ ಓಡಿಸಿದ. ಎಂಜಿನ್ನಿನ ಅಬ್ಬರಕ್ಕೆ ದೇಸಾಯರು ಎಷ್ಟು ಆಕಳಿಸಿದರೂ ನಿದ್ದೆ ಹತ್ತಲಿಲ್ಲ. ಬಿಳಿ ಗಾಡಿ ನೂರರ ವೇಗ ಮುಟ್ಟುವುದರೊಳಗೇ ಅವರ ತಲೆ ಗೌರವ್ವನ ಹೆಗಲಿಗೆ ವಾಲಿತು.

ಮೌಲಾಸಾಬ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ಹತ್ತು ನಿಮಿಷ ಸುಮ್ಮನೆ ಕೂತು, ಕೊನೆಗೆ ಕೆಮ್ಮಿದ. ದೇಸಾಯರು ಬೆಚ್ಚಿ ಎದ್ದರು.

"ಏನ್ ಗೊರಕಿ ಹೊಡದ್ರಿ!" ಎಂದರು ಗೌರವ್ವ.

"ಯಾರು, ನಾನಾ? ಅದು ಈ ಎಂಜಿನ್ ಸಪ್ಪಳ!"

"ಹಂಗಾದ್ರ ಈ ಗಾಡಿ ಬ್ಯಾಡ್ರಿ ಧಣ್ಯಾರ," ಎಂದ ಮೌಲಾಸಾಬ. "ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಆತು. ಸಪ್ಪಳ ಇನ್ನೂ ನಿಂತಿರಲಿಲ್ಲ!"

ದೇಸಾಯರು ಅವನನ್ನು ದಿಟ್ಟಿಸಿ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ಬಿಳೀದಽ ಛಲೋ ಐತಿ, ಮಾರಾಯ. ಸಪ್ಪಳ ನಂದು!"

"ಮೂವತ್ತು ವರ್ಷಕ್ಕ ಒಪ್ಪಿದ್ರಲ್ಲ," ಎಂದು ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮೌಲಾ, ಈ ಗಾಡೀನಽ ತಗೋಳೋಣಪಾ."