ತಗಡಿನ ಕಸದ ಡಬ್ಬ

"ಗುರುಗಳೇ, ಹೋದ ವರ್ಷ ನಾನು ಮೂರು ವ್ರತ ಹಿಡಿದೆ. ಮೂರೂ ನಡುವೆಯೇ ನಿಂತುಹೋದವು. ಕೊನೆಯವರೆಗೆ ಬಾಳುವಂಥದ್ದನ್ನು ಆರಿಸಿಕೊಳ್ಳುವುದು ಹೇಗೆ?" ಎಂದು ಚೆನ್ನವೀರ ಕೇಳಿದ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಸರ್ವಮಂಗಳೆ ಎಂಬ ಗೃಹಿಣಿ ಇದ್ದಳು. ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದು ಅವಳಿಗೆ ಇಷ್ಟ. ಆದರೆ ಆ ಮನೆಯಲ್ಲಿ ಕಸದ ಬುಟ್ಟಿ ಮಾತ್ರ ನಿಲ್ಲುತ್ತಿರಲಿಲ್ಲ. ಮೊದಲು ಬಿದಿರಿನ ಬುಟ್ಟಿ ತಂದಳು. ಹಸಿ ಕಸಕ್ಕೆ ಅದರ ತಳ ಕೊಳೆಯಿತು, ಉಳಿದದ್ದನ್ನು ಇಲಿ ಕಡಿಯಿತು. ಆಮೇಲೆ ಕೆಂಪು ಪ್ಲಾಸ್ಟಿಕ್ಕಿನದು ಬಂತು. ಹಿತ್ತಲ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಸೀಳಿತು. ಹೀಗೆ ಕಸ ತುಂಬಲು ತಂದದ್ದು ತಾನೇ ಕಸವಾಗಿ ಹೊರಗೆ ಹೋಗುತ್ತಿತ್ತು.

ಮೂರನೆಯ ಸಲ ಅವಳು ಪೇಟೆಯಲ್ಲೇ ಚೆಂದದ್ದನ್ನು ಆರಿಸಿದಳು. ಕನ್ನಡಿಯಂತೆ ಹೊಳೆಯುವ ಸ್ಟೀಲು. ಕಾಲಿನಿಂದ ಒತ್ತಿದರೆ ಮುಚ್ಚಳ ತಾನೇ ತೆರೆದುಕೊಳ್ಳುತ್ತಿತ್ತು. ನೆರೆಯವರು ಬಂದು ಒತ್ತಿ ನೋಡಿ ಹೋದರು.

ಸರ್ವಮಂಗಳೆಯ ಅತ್ತೆಗೆ ಕಣ್ಣು ಮಂಜಾಗಿತ್ತು. ಆದರೂ ಸೊಪ್ಪು ಬಿಡಿಸುವುದು, ಕಾಳು ಸುಲಿಯುವುದು ಅವರದೇ ಕೆಲಸ. ಕೈಯ ಗುರುತಿನಿಂದಲೇ ಎಲ್ಲ ಮಾಡುತ್ತಿದ್ದರು. ಈ ಹೊಸ ಡಬ್ಬದ ಮುಂದೆ ಮಾತ್ರ ಅವರು ಸೋತರು. ಒತ್ತುವ ಜಾಗ ಕಾಲಿಗೆ ಸಿಗುತ್ತಿರಲಿಲ್ಲ. ಮೂರು ತಿಂಗಳಿಗೆ ಅದರ ಸ್ಪ್ರಿಂಗೂ ಹೋಯಿತು. ಒಂದು ದಿನ ಅವರು ಹಾಕಹೋದ ಬದನೆಯ ತೊಟ್ಟು, ಈರುಳ್ಳಿ ಸಿಪ್ಪೆ ಎಲ್ಲ ನೆಲದ ಪಾಲಾಯಿತು.

ಆಗಷ್ಟೇ ನೆಲ ಒರೆಸಿ ಎದ್ದಿದ್ದ ಸರ್ವಮಂಗಳೆ, "ಅತ್ತೆ, ನೀವು ಸುಮ್ಮನೆ ಕೂತಿದ್ದರೆ ಅದೇ ನನಗೆ ದೊಡ್ಡ ಉಪಕಾರ" ಎಂದುಬಿಟ್ಟಳು.

ಮರುದಿನದಿಂದ ಅತ್ತೆ ಅಡುಗೆಮನೆಗೆ ಬರಲಿಲ್ಲ. ಜಗಲಿಯಲ್ಲಿ ಕೂತಿರುತ್ತಿದ್ದರು. ಜಗಳವಾಡಲಿಲ್ಲ, ಮಗನ ಹತ್ತಿರ ದೂರು ಹೇಳಲಿಲ್ಲ. ಅವರ ಎರಡು ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುವುದು ಸರ್ವಮಂಗಳೆಯ ಕಣ್ಣಿಗೆ ಬೀಳುತ್ತಲೇ ಇತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವಳಿಗೆ ತಿಳಿಯಲಿಲ್ಲ.

ಕಡೆಗೆ ಅವಳು ಆ ಡಬ್ಬವನ್ನು ರಿಪೇರಿಗೆಂದು ತಗಡಿನ ಕೆಲಸದ ಖಾಸಿಂ ಸಾಹೇಬರ ಅಂಗಡಿಗೆ ಒಯ್ದಳು. ಅವರು ಎರಡು ಸಲ ಒತ್ತಿ ನೋಡಿದರು.

"ಸ್ಪ್ರಿಂಗು ಹಾಕಿಕೊಡಬಹುದು ತಾಯಿ. ಮತ್ತೆ ಮೂರು ತಿಂಗಳು ನಡೆಯುತ್ತದೆ. ಮನೆಯಲ್ಲಿ ಇದನ್ನು ಹೆಚ್ಚಾಗಿ ಬಳಸುವವರು ಯಾರು?"

ಅಂಗಡಿಯವರು ಯಾರೂ ಇದುವರೆಗೆ ಆ ಮಾತು ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. "ನಮ್ಮ ಅತ್ತೆ ಬಳಸುತ್ತಿದ್ದರು. ಅವರಿಗೆ ಕಣ್ಣು ಕಾಣುವುದು ಕಡಿಮೆ" ಎಂದಳು.

ಸಾಹೇಬರು ಹೊಳೆಯುವ ಡಬ್ಬವನ್ನು ಪಕ್ಕಕ್ಕಿಟ್ಟು ದಪ್ಪ ತಗಡಿನ ಹಾಳೆ ತೆಗೆದರು. ಸುತ್ತಿ, ಅಂಚಿಗೆ ಅಂಚು ಸೇರಿಸಿ ಮೊಳೆ ಬಡಿದರು. ಕೈ ಕೊಯ್ಯದಂತೆ ಬಾಯಿಯನ್ನು ತಂತಿಯ ಮೇಲೆ ಮಡಿಸಿದರು. ತಳಕ್ಕೆ ನೆಲದ ನೀರು ತಾಗದಂತೆ ಕೆಳಗೊಂದು ಕಬ್ಬಿಣದ ಬಳೆ ಕೂರಿಸಿದರು. ಎರಡು ಹಿಡಿ, ಮೇಲೆ ಎತ್ತಿಡುವ ಮುಚ್ಚಳ. ಅಷ್ಟೇ. ಬಣ್ಣ ಹಚ್ಚಲಿಲ್ಲ.

"ಮುರಿಯುವಂಥದ್ದು ಇದರಲ್ಲಿ ಏನೂ ಇಲ್ಲ. ಬಿದ್ದರೆ ನೆಗ್ಗುತ್ತದೆ. ಒಳಗಿನಿಂದ ಬಡಿದರೆ ಸರಿಹೋಗುತ್ತದೆ" ಎಂದರು.

ಸರ್ವಮಂಗಳೆ ಅದನ್ನು ತಂದು ಅಡುಗೆಮನೆಯ ಬಾಗಿಲ ಬಲಕ್ಕೆ ಇಟ್ಟಳು. ಗಂಡ ನೋಡಿ, "ಇದೇನು, ಕಾರ್ಖಾನೆಯದ್ದೇ?" ಎಂದ. ಅವಳು ನೇರವಾಗಿ ಜಗಲಿಗೆ ಹೋದಳು. ಅತ್ತೆಯ ಕೈ ಹಿಡಿದು ಒಳಗೆ ಕರೆತಂದು, ಆ ಕೈಯನ್ನು ಮುಚ್ಚಳದ ಮೇಲೆ ಇಟ್ಟಳು.

"ಇದು ಯಾವಾಗಲೂ ಇಲ್ಲೇ ಇರುತ್ತದೆ ಅತ್ತೆ. ಅವತ್ತು ನಾನು ಹಾಗೆ ಅನ್ನಬಾರದಿತ್ತು."

ಅತ್ತೆ ಮುಚ್ಚಳ ಎತ್ತಿದರು. ಒಳಗೆ ಕೈ ಆಡಿಸಿದರು. ಮುಚ್ಚಿದರು. ಮತ್ತೆ ಒಮ್ಮೆ ಎತ್ತಿ ಮುಚ್ಚಿದರು. ಆಮೇಲೆ, "ಅವರೆಕಾಯಿ ತಂದಿದ್ದೀಯಾ?" ಎಂದು ಕೇಳಿದರು.

ಅವರು ಇನ್ನೂ ಒಂಬತ್ತು ವರ್ಷ ಬದುಕಿದರು. ಕೊನೆಯ ವಾರದವರೆಗೂ ಆ ಮನೆಯ ಕಾಳನ್ನೆಲ್ಲ ಅವರೇ ಬಿಡಿಸುತ್ತಿದ್ದರು. ಡಬ್ಬ ನಾಲ್ಕು ಸಲ ನೆಗ್ಗಿತು, ಬಡಿದು ಸರಿಮಾಡಿದರು. ತಳದ ಬಳೆ ಒಮ್ಮೆ ಸವೆಯಿತು, ಬೇರೆಯದನ್ನು ಹಾಕಿಸಿದರು. ಮಕ್ಕಳು ದೊಡ್ಡವರಾಗಿ ಹೊಸ ಮನೆ ಕಟ್ಟಿ, ಅಡುಗೆಮನೆಗೆ ಎಲ್ಲವನ್ನೂ ಹೊಸದಾಗಿ ಮಾಡಿಸಿದಾಗ, ಸರ್ವಮಂಗಳೆ ಆ ಡಬ್ಬವನ್ನು ಉಜ್ಜಿ ತೊಳೆದು, ದಿನವೂ ನೂರಾರು ಜನ ಉಣ್ಣುವ ಒಂದು ಕಡೆಗೆ ಕೊಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕೇಳಿದ: "ಅಂಥ ಡಬ್ಬವನ್ನು ಒಮ್ಮೆ ನೋಡಬೇಕು ಗುರುಗಳೇ. ಅದು ಈಗಲೂ ಇದೆಯೇ?"

"ಮೂರು ವರ್ಷದಿಂದ ದಿನವೂ ನೀನು ಉಂಡ ಎಲೆ ಹಾಕುತ್ತಿರುವುದು ಅದರಲ್ಲೇ" ಎಂದರು ಗುರುಗಳು.

ಚೆನ್ನವೀರ ಎದ್ದು ಹೋಗಿ ಆ ಡಬ್ಬದ ನೆಗ್ಗಿದ ಗುರುತುಗಳ ಮೇಲೆ ಕೈಯಾಡಿಸಿ, ಈ ಸಲ ಹಿಡಿಯುವ ವ್ರತವೂ ಹೊಳೆಯದಿದ್ದರೂ ನೆಗ್ಗಿದರೆ ಬಡಿದು ಸರಿಮಾಡಿಕೊಳ್ಳುವಂಥದ್ದಾಗಿರಲಿ ಎಂದುಕೊಂಡ.